ಮಂಗ, ಹುಳ, ಉಣ್ಣೆ: ಪ್ರಾಣಿಗಳ ಹೆಸರು ಕಲಿಯೋದು ಅಷ್ಟು ಸುಲಭ ಅಲ್ಲ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರು, ಒಗ್ಗರಣೆ ಹಾಕ್ತಾ ಕೇಳ್ತಿರೋರು, ಲೈಟ್ ಆರಿಸಿ ಇಯರ್‌ಫೋನ್ ಸಿಗಿಸ್ಕೊಂಡು ಮಲಗಿರೋರು, ಎಲ್ಲರಿಗೂ ಸ್ವಾಗತ.

ಕಳೆದ ಮಳೆಗಾಲದ ಉದ್ದುದ್ದ ಸಂಜೆಗಳಲ್ಲಿ ಟೈಮ್‌ಪಾಸ್‌ಗೆ ಅಂತ ಮೊಬೈಲಲ್ಲಿ ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದೆ. ಮೊದಲ ವಾರದಲ್ಲೇ ಪ್ರಾಣಿಗಳ ಪಾಠ ಬಂತು. ಗಾಟೊ ಅಂದ್ರೆ ಬೆಕ್ಕು, ಪೆರ್ರೊ ಅಂದ್ರೆ ನಾಯಿ, ಬುರ್ರೊ ಅಂದ್ರೆ ಕತ್ತೆ. ಇಷ್ಟೇನಾ ಅನ್ನಿಸ್ತು. ಆಮೇಲೆ ಒಂದೊಂದೇ ತೊಡಕು ಶುರುವಾಯ್ತು. ಬುರ್ರೊ ಅಂತ ಮನುಷ್ಯರಿಗೂ ಬೈತಾರೆ, ನಮ್ಮಲ್ಲಿ ಕತ್ತೆ ಅಂದ ಹಾಗೇ. ಅದು ಸರಿ. ಆದ್ರೆ ಮೋನೊ ಅಂದ್ರೆ ಮಂಗ, ಸ್ಪೇನ್ ದೇಶದಲ್ಲಿ ಪುಟ್ಟ ಮಗುನ ನೋಡಿ ‘ಕೇ ಮೋನೊ’ ಅಂದ್ರೆ ‘ಎಷ್ಟು ಮುದ್ದಾಗಿದೆ’ ಅಂತ! ಇನ್ನು ಮೀನು. ನೀರಲ್ಲಿ ಈಜ್ತಾ ಇದ್ರೆ ಅದಕ್ಕೆ ಪೆಸ್, ಹಿಡಿದು ತಟ್ಟೆಗೆ ಬಂದ್ರೆ ಪೆಸ್ಕಾದೊ. ಎರಡು ಬೇರೆ ಪದ.

ಆಗ ನನಗೆ ನನ್ನ ರೂಮ್‌ಮೇಟ್ ನೆನಪಾದಳು. ಬಿ.ಕಾಂ ಮುಗಿಸಿ ನಾನು ಬೆಂಗಳೂರಲ್ಲಿ ಒಂದು ಅಕೌಂಟ್ಸ್ ಕೆಲಸದಲ್ಲಿದ್ದಾಗ ನನ್ನ ಜೊತೆ ಇದ್ದವಳು. ಇಂದೋರ್‌ನವಳು. ಕನ್ನಡ ಕಲೀಲೇಬೇಕು ಅಂತ ಹಠ ಹಿಡಿದವಳು. ಅವಳೂ ನಮ್ಮ ಒಂದನೇ ಕ್ಲಾಸಿನ ಮಕ್ಕಳ ಥರ ಪ್ರಾಣಿಗಳಿಂದಲೇ ಶುರು ಮಾಡಿದ್ದಳು. ಆ ಅಂದ್ರೆ ಆನೆ, ಇ ಅಂದ್ರೆ ಇಲಿ. ಚಿತ್ರ ನೋಡು, ಹೆಸರು ಹೇಳು. ಎರಡೇ ವಾರದಲ್ಲಿ ಐವತ್ತು ಹೆಸರು ಬಾಯಿಪಾಠ.

ಆದ್ರೆ ಆ ಐವತ್ತು ಹೆಸರು ಹಿಡ್ಕೊಂಡು ಅವಳು ನಮ್ಮೂರಿಗೆ ಬಂದಾಗ ಏನಾಯ್ತು, ಒಂದು ಪದ ಗೊತ್ತಿಲ್ಲದೆ ಹೇಗೆ ಒಂದು ರಾತ್ರಿ ನಾವಿಬ್ಬರೂ ನಿದ್ದೆ ಮಾಡಲಿಲ್ಲ, ಅದನ್ನೇ ಇವತ್ತು ಹೇಳ್ತೀನಿ. ನಮ್ಮೂರು ಅಂದ್ರೆ ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. ಓದಿದ್ದು ಶಿರಸಿಯಲ್ಲಿ. ಅಮ್ಮಮ್ಮನ ಮನೆ ಯಲ್ಲಾಪುರದ ಕಡೆ. ಹಾಗಾಗಿ ಮೂರೂ ತಾಲೂಕಿನ ಮಾತು ನನ್ನ ಕಿವಿಯಲ್ಲಿದೆ.

ಮೊದಲು ನಗೋ ವಿಷಯ. ನಮ್ಮ ಪಿಜಿ ಗೇಟ್ ಹತ್ತಿರ ಒಂದು ದಿನ ಯಾರೋ ‘ನಾಯಿ ಮರಿ, ನಾಯಿ ಮರಿ’ ಅಂತ ಕೂಗಿದ್ರು. ಇವಳು ಗಾಬರಿಯಾಗಿ ಓಡಿ ಬಂದಳು. ಯಾಕೆ ಗೊತ್ತಾ? ಹಿಂದಿಯಲ್ಲಿ ನಾಯಿ ಅಂದ್ರೆ ಕ್ಷೌರಿಕ. ಮರೀ ಅಂದ್ರೆ ಸತ್ತಳು, ಸತ್ತುಹೋಯ್ತು ಅಂತ. ನಾಯಿ ಅನ್ನೋ ಪದ ಅವಳಿಗೆ ಆಗಲೇ ಬರ್ತಿತ್ತು, ಹಾಗಾಗಿ ನಾಯಿ ಸತ್ತುಹೋಯ್ತು ಅಂತ ಅರ್ಥ ಮಾಡ್ಕೊಂಡಿದ್ದಳು. ಹೋಗಿ ನೋಡಿದ್ರೆ ಪುಟ್ಟ ಕಂದು ಮರಿ ಬಾಲ ಅಲ್ಲಾಡಿಸ್ತಾ ನಿಂತಿದೆ.

ಎರಡನೇದು ಲ ಮತ್ತು ಳ. ಅವಳಿಗೆ ಳ ಹೊರಡೋದೇ ಇಲ್ಲ. ‘ನಿನ್ನ ಹಲ್ಲಿ ಎಲ್ಲಿದೆ?’ ಅಂತ ಕೇಳ್ತಿದ್ದಳು. ಹಳ್ಳಿ ಅನ್ನೋಕೆ ಹೋಗಿ ಹಲ್ಲಿ. ನಾನು ಗೋಡೆ ತೋರಿಸ್ತಿದ್ದೆ. ನಮ್ಮನೆಗೆ ಬಂದಾಗ ಊಟಕ್ಕೆ ಕೂತು, ‘ಸ್ವಲ್ಪ ಹುಲಿ ಹಾಕಿ’ ಅಂದಳು. ನಮ್ಮ ಕಡೆ ತರಕಾರಿ ಹಾಕಿ ಮಾಡೋ ಹುಳಿ ಗೊತ್ತಲ್ಲ, ಅದು. ಅಪ್ಪ ಗಂಭೀರವಾಗಿ, ‘ಹುಲಿ ಬೇಕಂದ್ರೆ ಕಾಳಿ ಕಡೆ ಹೋಗಕ್ಕು’ ಅಂದ್ರು. ದಾಂಡೇಲಿ, ಅಣಶಿ ಕಡೆಯ ಹುಲಿ ಸಂರಕ್ಷಿತ ಪ್ರದೇಶಕ್ಕೆ 2015ರಲ್ಲಿ ಕಾಳಿ ಅಂತ ಹೆಸರಿಟ್ಟಿದ್ದು ಅವಳಿಗೆ ಗೊತ್ತಿರಲಿಲ್ಲ. ಕಾಳಿ ದೇವಸ್ಥಾನ ಅಂದ್ಕೊಂಡು ಕೈ ಮುಗಿದಳು.

ಸರಿ, ಈಗ ಆಕಳ ವಿಷಯಕ್ಕೆ ಬರೋಣ. ಅವಳ ಪುಸ್ತಕದಲ್ಲಿ ಇದ್ದದ್ದು ಹಸು. ಬೆಂಗಳೂರು, ಮೈಸೂರು ಕಡೆ ಹಸು. ನಮ್ಮ ಶಿರಸಿ ಸೀಮೆಗೆ ಬಂದ್ರೆ ಆಕಳು. ಒಟ್ಟಾಗಿ ಕೊಟ್ಟಿಗೆಯಲ್ಲಿ ಇರೋದೆಲ್ಲ ದನ. ಅದೇ ದನ ಅನ್ನೋದನ್ನ ಬೆಂಗಳೂರಲ್ಲಿ ಒಬ್ಬ ಹುಡುಗನಿಗೆ ಹೇಳಿದ್ರೆ ಬೈಗುಳ, ನಮ್ಮನೆಯಲ್ಲಿ ಬೆಳಗ್ಗೆ ಎದ್ದು ಮೊದಲು ಕೇಳೋ ಪದ. ಹೆಣ್ಣು ಕರು ಬೆಳೆದು ಇನ್ನೂ ಈಯದೆ ಇದ್ರೆ ಕಡಸು, ಮಣಕ. ಉಳೋಕೆ, ಗಾಡಿ ಎಳೆಯೋಕೆ ಬೀಜ ಒಡೆಸಿದ್ದು ಎತ್ತು. ಒಡೆಸದೆ ಬಿಟ್ಟದ್ದು ಹೋರಿ, ಗೂಳಿ. ನಾನು ಕಾಮರ್ಸ್ ಓದಿದವಳು, ಶೇರು ಮಾರುಕಟ್ಟೆ ಸುದ್ದಿ ಬರೆಯುವಾಗ ಕನ್ನಡ ಪತ್ರಿಕೆಗಳು ಗೂಳಿ ಓಟ, ಕರಡಿ ಕುಣಿತ ಅಂತ ಬರೀತಾವಲ್ಲ, ಅಲ್ಲಿ ಗೂಳಿ ಬದಲು ಎತ್ತು ಅಂತ ಹಾಕಿದ್ರೆ ಹೇಗಿರ್ತದೆ ಯೋಚನೆ ಮಾಡಿ. ಎತ್ತು ಓಡಲ್ಲ, ಹೇಳಿದಷ್ಟು ಹೊತ್ತು ನಡೀತದೆ.

ಮರಿ ಅನ್ನೋದಕ್ಕೂ ಲೆಕ್ಕ ಇದೆ. ನಾಯಿಗೆ ಮರಿ, ಬೆಕ್ಕಿಗೆ ಮರಿ, ಕುರಿಗೆ ಮರಿ, ಆನೆಗೂ ಮರಿ. ಆಕಳಿಗೆ, ಎಮ್ಮೆಗೆ ಮಾತ್ರ ಕರು. ನನ್ನ ಗೆಳತಿ ನಮ್ಮ ಕೊಟ್ಟಿಗೆಯಲ್ಲಿ ನಿಂತು, ‘ಆಕಳ ಮರಿ ಎಷ್ಟು ಚಂದ’ ಅಂದಾಗ ಆಯಿ ಎರಡು ದಿನ ನಕ್ಕಿದ್ದಾರೆ. ಹಾಗೇ, ಆಕಳು ಕರು ಹಾಕ್ತದೆ, ನಾಯಿ ಮರಿ ಹಾಕ್ತದೆ, ಕೋಳಿ ಮೊಟ್ಟೆ ಇಡ್ತದೆ. ಮನುಷ್ಯರಿಗೆ ಬಂದಾಗ ಮಾತ್ರ ಹೆರಿಗೆ. ‘ಅಕ್ಕ ಮಗು ಹಾಕಿದಳು’ ಅಂದ್ರೆ ಮುಗೀತು ಕಥೆ. ನಾಯಿ ಬೊಗಳ್ತದೆ, ಆನೆ ಘೀಳಿಡ್ತದೆ, ನರಿ ಊಳಿಡ್ತದೆ, ಕುದುರೆ ಕೆನೀತದೆ. ಒಂದರ ಕ್ರಿಯಾಪದ ಇನ್ನೊಂದಕ್ಕೆ ಹಾಕಿದ್ರೆ ಬೈಗುಳ ಆಗೋ ಸಾಧ್ಯತೆಯೇ ಹೆಚ್ಚು.

ಯಲ್ಲಾಪುರಕ್ಕೆ ಹೋದ್ರೆ ಇನ್ನೂ ಮಜಾ. ಅಲ್ಲಿ ಎಮ್ಮೆ ಸಾಕುವ ಗೌಳಿಗರಿದ್ದಾರೆ, ಮನೆಮಾತು ಮರಾಠಿಯದ್ದೇ ಒಂದು ರೂಪ. ಮರಾಠಿಯಲ್ಲಿ ಎಮ್ಮೆಗೆ ಮ್ಹೈಸ. ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರಿದ್ದಾರೆ, ಅವರಲ್ಲಿ ತುಂಬ ಜನ ಮನೆಯಲ್ಲಿ ಕೊಂಕಣಿ ಬೆರೆತ ಮಾತು ಆಡ್ತಾರೆ. ಕೊಂಕಣಿಯಲ್ಲಿ ನಾಯಿ ಸುಣೆ, ಬೆಕ್ಕು ಮಾಜರ, ಮಂಗ ಮಾಂಕಡ, ಆಕಳು ಗಾಯ್. ಈ ಗಾಯ್ ನಮ್ಮ ಕನ್ನಡದ ಕಿವಿಗೆ ಬಿದ್ರೆ ಗಾಯ! ‘ಗಾಯ್ ಕಟ್ಟಿಹಾಕಿದೆ’ ಅಂದ್ರೆ ಬ್ಯಾಂಡೇಜ್ ಕಟ್ಟಿದ್ರಾ ಅಂತ ಕೇಳಬೇಕು. ಹುಬ್ಬಳ್ಳಿಯಿಂದ ಬರೋ ಬಸ್ಸಿನವರು ಮಂಗನಿಗೆ ಮಂಗ್ಯಾ ಅಂತಾರೆ. ಒಂದೇ ಬಸ್‌ಸ್ಟ್ಯಾಂಡ್, ಛಾವಣಿ ಮೇಲೆ ಕೂತ ಒಂದೇ ಮಂಗ, ಕೆಳಗೆ ಮೂರು ಹೆಸರು.

ಈಗ ನಿಜವಾಗ್ಲೂ ಜಗಳ ಆಗುವ ಹಾಗಿದ್ದ ಒಂದು ಪ್ರಸಂಗ. ಕನ್ನಡದಲ್ಲಿ ಪ್ರಾಣಿಗಳಿಗೆ ಅದು, ಬಂತು, ಹೋಯ್ತು. ಗಂಡಸಿಗೆ ಬಂದ, ಹೆಂಗಸಿಗೆ ಬಂದಳು. ಇದನ್ನ ಅವಳು ಚೆನ್ನಾಗಿ ಕಲಿತಿದ್ದಳು. ನಾನೇ ಒಂದು ಉಪಾಯ ಹೇಳಿಕೊಟ್ಟಿದ್ದೆ: ‘ಕತ್ತೆ ಬಂತು’ ಅಂದ್ರೆ ನಿಜವಾದ ಕತ್ತೆ, ‘ಕತ್ತೆ ಬಂದ’ ಅಂದ್ರೆ ಯಾರನ್ನೋ ಬೈತಿದ್ದಾರೆ. ಪದ ಒಂದೇ, ಕೊನೆಯ ಅಕ್ಷರ ನೋಡಿ ಗೊತ್ತು ಮಾಡ್ಕೋ ಅಂತ.

ಅವಳು ಬಂದಿದ್ದಾಗ ಅಮ್ಮಮ್ಮನೂ ನಮ್ಮನೆಯಲ್ಲೇ ಇದ್ದರು. ಅವಳು ಹಿತ್ತಲಿಗೆ ಹೋಗಿದ್ದಾಗ ಅಮ್ಮಮ್ಮ ನನ್ನ ಹತ್ರ, ‘ಅದು ಎಲ್ಲಿ ಹೋತೆ ತಂಗಿ? ಚಾ ಕುಡೀತಾ ಕೇಳು’ ಅಂದ್ರು. ಬಾಗಿಲ ಹಿಂದೆ ನಿಂತಿದ್ದ ಅವಳ ಮುಖ ಚಿಕ್ಕದಾಯ್ತು. ರಾತ್ರಿ ಮಲಗೋವಾಗ ಕೇಳಿದಳು, ‘ನಿಮ್ಮ ಅಮ್ಮಮ್ಮ ನನ್ನ ಅದು ಅಂದ್ರು. ನಾನೇನು ನಿಮ್ಮ ಕೊಟ್ಟಿಗೆಯ ಆಕಳಾ?’

ನನಗೆ ಒಂದು ನಿಮಿಷ ಉತ್ತರ ಹೊಳೀಲಿಲ್ಲ. ಯಾಕಂದ್ರೆ ನಾವು ಹುಟ್ಟಿದಾಗಿಂದ ಹಾಗೇ ಮಾತಾಡಿದ್ದು, ಯಾವತ್ತೂ ಯೋಚನೆ ಮಾಡಿಲ್ಲ. ನಮ್ಮ ಹವ್ಯಕ ಕನ್ನಡದಲ್ಲಿ ಹೆಂಗಸರಿಗೂ ನಪುಂಸಕ ಲಿಂಗವೇ. ಆಯಿ ಬಂತು, ಅಕ್ಕ ಹೋತು, ಅತ್ತೆ ಹೇಳ್ತು. ಅಮ್ಮಮ್ಮನೂ ಅದು, ನಾನೂ ಅದು. ಅದ್ರಲ್ಲಿ ಅವಮಾನ ಇಲ್ಲ, ಪ್ರೀತಿಯಲ್ಲೂ ಅದೇ ಪದ. ಇಷ್ಟು ಬಿಡಿಸಿ ಹೇಳಿದೆ. ಅವಳು ಒಪ್ಪಿದಳು. ಆದ್ರೆ ಒಂದು ಪ್ರಶ್ನೆ ಮಾತ್ರ ಬಿಡಲಿಲ್ಲ: ‘ಸರಿ, ಗಂಡಸರಿಗೆ ಯಾಕೆ ಅದು ಅನ್ನಲ್ಲ?’ ಇದಕ್ಕೆ ನನ್ನ ಹತ್ರ ಇವತ್ತಿಗೂ ಒಳ್ಳೆಯ ಉತ್ತರ ಇಲ್ಲ. ಕೇಳುಗರಲ್ಲಿ ಯಾರಿಗಾದ್ರೂ ಇದ್ರೆ ಹೇಳಿ.

ಬೈಗುಳದ ವಿಷಯಕ್ಕೆ ಬಂದ್ರೆ, ಇಂಗ್ಲಿಷ್ ಕಥೆಗಳಲ್ಲಿ ಗೂಬೆ ಕನ್ನಡಕ ಹಾಕ್ಕೊಂಡ ಬುದ್ಧಿವಂತ. ನಮ್ಮಲ್ಲಿ ಗೂಬೆ ಅಂದ್ರೆ ಪೆದ್ದ, ಅಥವಾ ಅಪಶಕುನ. ಯಾರದೋ ತಪ್ಪನ್ನ ಇನ್ಯಾರ ಮೇಲೋ ಹೊರಿಸಿದ್ರೆ ಅದಕ್ಕೆ ತಲೆ ಮೇಲೆ ಗೂಬೆ ಕೂರಿಸೋದು ಅಂತೀವಿ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ. ಕುರಿ ಅಂದ್ರೆ ಯಾರು ಏನು ಹೇಳಿದ್ರೂ ನಂಬೋನು. ಎಮ್ಮೆ ಅಂದ್ರೆ ಎಷ್ಟು ಹೇಳಿದ್ರೂ ನಾಟದೋನು. ಕೋಣ ಅಂದ್ರೂ ಬೈಗುಳವೇ, ಆದ್ರೆ ಶಿರಸಿಯಲ್ಲಿ ನಿಂತು ಕೋಣ ಅಂದ್ರೆ ಜನರಿಗೆ ಮಾರಿಕಾಂಬೆಯ ಪಟ್ಟದ ಕೋಣ ನೆನಪಾಗ್ತದೆ. ಹಿಂದೆ ಜಾತ್ರೆಯಲ್ಲಿ ಕೋಣನ ಬಲಿ ಇತ್ತು, 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದುಹೋದ ಕಾಲದಲ್ಲಿ ಅದು ನಿಂತಿತು. ಒಂದೇ ಪ್ರಾಣಿ, ಒಂದು ಕಡೆ ಬೈಗುಳ, ಇನ್ನೊಂದು ಕಡೆ ಗೌರವ.

ಕಾಡುಕೋಣ ಅನ್ನೋ ಹೆಸರೂ ಮೋಸವೇ. ಅದು ಕೋಣ ಅಲ್ಲ, ಎಮ್ಮೆಯ ಜಾತಿಯೇ ಅಲ್ಲ. ಆಕಳಿಗೆ, ಎತ್ತಿಗೆ ಹತ್ತಿರದ ಸಂಬಂಧಿ. ಇಂಗ್ಲಿಷಿನವರು ಅದಕ್ಕೆ ಇಂಡಿಯನ್ ಬೈಸನ್ ಅಂದ್ರು, ಅದೂ ತಪ್ಪು, ಬೈಸನ್ ಬೇರೆಯೇ ಪ್ರಾಣಿ. ಎರಡೂ ಭಾಷೆಯವರು ನೋಡಿದ ತಕ್ಷಣ ತೋಚಿದ ಹೆಸರಿಟ್ಟು ಮುಂದೆ ಹೋಗಿದ್ದಾರೆ. ಇಂಥ ತಪ್ಪು ಹೆಸರಿಂದ ಕಾಡುಕೋಣಕ್ಕೆ ಏನೂ ನಷ್ಟ ಇಲ್ಲ. ಮನುಷ್ಯರಿಗೆ ನಷ್ಟ ಆಗೋ ಹೆಸರುಗಳು ಬೇರೆ ಇವೆ. ಅದರಲ್ಲಿ ಎರಡನ್ನ ಹೇಳ್ತೀನಿ, ಸ್ವಲ್ಪ ಗಮನ ಕೊಟ್ಟು ಕೇಳಿ.

ಮೊದಲನೇದು, ಹುಳ.

ಪುಸ್ತಕದ ಪ್ರಕಾರ ಹುಳ ಅಂದ್ರೆ ಕೀಟ, ಇರುವೆಯಿಂದ ಜಿರಲೆವರೆಗೆ ಏನೂ ಇರಬಹುದು. ಆದ್ರೆ ನಮ್ಮ ಕಡೆ ಹಿರಿಯರು ರಾತ್ರಿ ಹೊತ್ತು ಹಾವು ಅನ್ನೋ ಪದ ಬಾಯಲ್ಲಿ ತರಲ್ಲ. ಹೆಸರು ಹೇಳಿದ್ರೆ ಅದು ಬರ್ತದೆ ಅನ್ನೋ ಭಯ. ಹಾಗಾಗಿ ಹುಳ ಅಂತಾರೆ. ಕಚ್ಚಿತು ಅಂತಾನೂ ಹೇಳಲ್ಲ, ಮುಟ್ಟಿತು ಅಂತಾರೆ. ‘ಅವಂಗೆ ಹುಳ ಮುಟ್ಟಿದ್ದು’ ಅಂದ್ರೆ ಅವನಿಗೆ ಹಾವು ಕಚ್ಚಿದೆ ಅಂತ. ಇದು ನಮ್ಮೂರಿಗೆ ಮಾತ್ರ ಸೀಮಿತ ಅಲ್ಲ, ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹೀಗೇ.

ಈಗ ಯೋಚಿಸಿ. ರಾತ್ರಿ ಹತ್ತು ಗಂಟೆ. ಅಜ್ಜ ಒಬ್ಬರೇ ಮನೆಯಲ್ಲಿ. ಬೆಂಗಳೂರಲ್ಲಿರೋ ಮೊಮ್ಮಗನಿಗೆ ಫೋನ್ ಮಾಡಿ ‘ಕಾಲಿಗೆ ಹುಳ ಮುಟ್ಟಿದ್ದು’ ಅಂತಾರೆ. ಮೊಮ್ಮಗ ಬೆಳೆದದ್ದು ಸಿಟಿಯಲ್ಲಿ, ‘ಮುಲಾಮು ಹಚ್ಚಿ ಮಲಗಿ ಅಜ್ಜ, ಬೆಳಗ್ಗೆ ನೋಡೋಣ’ ಅಂತಾನೆ. ಆ ರಾತ್ರಿ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜ ಹೇಳಿದ್ದು ಸರಿಯಾದ ಕನ್ನಡ. ಮೊಮ್ಮಗ ಕೇಳಿಸಿಕೊಂಡಿದ್ದೂ ಕನ್ನಡವೇ. ಮಧ್ಯದಲ್ಲಿ ಹಾವು ಕಾಣೆಯಾಯ್ತು.

ಹಾಗಾಗಿ ಮನೆಯ ಹಿರಿಯರು ಹುಳ ಮುಟ್ಟಿದೆ ಅಂದ್ರೆ ಅಲ್ಲೇ ನಿಲ್ಲಿಸಿ ಕೇಳಿ: ಹಾವಾ? ಹೌದು ಅಂದ್ರೆ 108ಕ್ಕೆ ಫೋನ್ ಮಾಡಿ, ಫೋನಲ್ಲಿ ಹಾವು ಅಂತಲೇ ಹೇಳಿ. ಕಚ್ಚಿದ ಜಾಗ ಕೊಯ್ಯಬೇಡಿ, ಬಾಯಿಂದ ಚೀಪಬೇಡಿ, ಹಗ್ಗದಿಂದ ಬಿಗಿಯಾಗಿ ಕಟ್ಟಬೇಡಿ. ಕಾಲು ಅಲ್ಲಾಡದ ಹಾಗೆ ಇಟ್ಟು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಆಸ್ಪತ್ರೆಯಲ್ಲಿ ಕೊಡೋ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಕೆಲಸ ಮಾಡ್ತದೆ. ಯಾವ ಹಾವು ಅಂತ ಗೊತ್ತಿಲ್ಲದಿದ್ರೂ ಪರವಾಗಿಲ್ಲ, ಅದನ್ನ ಹುಡುಕಿ ಹೊಡೆಯೋಕೆ ಹೋಗಿ ಸಮಯ ಕಳೀಬೇಡಿ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಮಾಡಿದೆ. ಹುಳ ಅಂತ ಬರೆಸಿದ್ರೆ ಆ ಲೆಕ್ಕದಲ್ಲೂ ಹಾವು ಕಾಣೆ.

ಎರಡನೇದು, ಮಂಗ.

ಮಂಗ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಬರೋದು ಯಾವುದು? ದೇವಸ್ಥಾನದಲ್ಲಿ ಬಾಳೆಹಣ್ಣು ಕಿತ್ಕೊಂಡು ಓಡೋ ಕೆಂಪು ಮುಖದ್ದು. ಮೈಸೂರು ಕಡೆಯವರು ಕೋತಿ ಅಂತಾರೆ. ನಮ್ಮ ಕಾಡಲ್ಲಿ ಇನ್ನೂ ಎರಡಿವೆ. ಕಪ್ಪು ಮುಖ, ಉದ್ದ ಬಾಲ, ಬೂದು ಮೈ ಇರೋದು ಮುಸಿಯ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಕೇಸರ, ಬಾಲದ ತುದಿಯಲ್ಲಿ ಸಿಂಹದ ಥರ ಕುಚ್ಚು ಇರೋದು ಸಿಂಗಳೀಕ. ಸಿಂಗಳೀಕ ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ, ಮತ್ತು ಅದರ ಉತ್ತರದ ಕೊನೆಯ ನೆಲೆ ನಮ್ಮ ಶಿರಸಿ, ಸಿದ್ದಾಪುರ, ಹೊನ್ನಾವರದ ಘಟ್ಟದ ಕಾಡು. ಅದಕ್ಕಾಗಿಯೇ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಪ್ರದೇಶ ಘೋಷಣೆ ಆಯ್ತು. ಆದ್ರೆ ಮಾತಲ್ಲಿ ನಾವು ಮೂರನ್ನೂ ಮಂಗ ಅಂದುಬಿಡ್ತೀವಿ. ಮಗು ತುಂಟಾಟ ಮಾಡಿದ್ರೂ ‘ಏ ಮಂಗಾ’, ಯಾರಾದ್ರೂ ಮೋಸ ಮಾಡಿದ್ರೂ ‘ನನ್ನ ಮಂಗ ಮಾಡಿದ’. ಪಾಪ, ಎಲ್ಲದಕ್ಕೂ ಮಂಗ.

ಕಾಯಿಲೆಗೂ ಮಂಗ. ಮಂಗನ ಕಾಯಿಲೆ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯೋಕೆ ಶುರುವಾದವು. ಜೊತೆಗೆ ಸುತ್ತಲಿನ ಊರಿನವರಿಗೆ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಹೊಸ ವೈರಸ್ ಸಿಕ್ಕಿತು. ಹೊರಜಗತ್ತು ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಅಂತ ಊರಿನ ಹೆಸರಿಟ್ಟಿತು, ಕೆಎಫ್‌ಡಿ ಅಂತ ಕೇಳಿರ್ತೀರಿ. ಜನರ ಬಾಯಲ್ಲಿ ಮಂಗನ ಕಾಯಿಲೆ ಅಂತ ಉಳೀತು. ಸೊರಬ ನಮ್ಮ ಸಿದ್ದಾಪುರದ ಪಕ್ಕದ ತಾಲೂಕು. ಅಲ್ಲಿಂದ ಇಲ್ಲಿಗೆ ಕಾಡು ಒಂದೇ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕಿನಲ್ಲೂ ಈ ಕಾಯಿಲೆಯಿಂದ ಸಾವಾಯ್ತು. ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುವ ಕಾಯಿಲೆ ಇದು.

ಆದ್ರೆ ನಮಗೆ ಇದು ಮುಖ್ಯವಾಗಿ ಬರೋದು ಮಂಗದಿಂದ ಅಲ್ಲ. ಮಂಗ ಕಚ್ಚಿ ಬರಲ್ಲ. ಮನುಷ್ಯರಿಂದ ಮನುಷ್ಯರಿಗೂ ಹರಡಲ್ಲ. ಬರೋದು ಉಣುಗಿನಿಂದ. ಕಾಡಿನ ತರಗೆಲೆಯಲ್ಲಿ, ಹುಲ್ಲಿನ ತುದಿಯಲ್ಲಿ ಕೂತು ಕಾಯೋ, ರಕ್ತ ಹೀರೋ ಪುಟ್ಟ ಜೀವಿ. ಎಂಟು ಕಾಲು, ಜೇಡದ ಬಳಗದ್ದು. ಡಿಸೆಂಬರ್‌ನಿಂದ ಮೇವರೆಗೆ ಅದರ ಮರಿಗಳದ್ದೇ ಕಾಟ, ಎಳ್ಳಿನ ಕಾಳಿಗಿಂತ ದೊಡ್ಡದಿರಲ್ಲ. ಮಂಗಗಳೂ ಇದೇ ಉಣುಗು ಕಚ್ಚಿ ಸಾಯೋದು. ಕೆಂಪು ಮುಖದ ಮಂಗ, ಮುಸಿಯ ಎರಡೂ. ಅವು ನಮ್ಮ ಹಾಗೇ ರೋಗಿಗಳು.

ಹೆಸರಿಂದ ಏನಾಯ್ತು ಅಂದ್ರೆ, ಜನ ಮಂಗನ್ನ ನೋಡ್ತಾರೆ, ಕಾಲ ಕೆಳಗೆ ನೋಡಲ್ಲ. ‘ನಮ್ಮೂರಲ್ಲಿ ಒಂದು ಮಂಗಾನೂ ಸತ್ತಿಲ್ಲ, ಹಾಗಾಗಿ ಭಯ ಇಲ್ಲ’ ಅನ್ನೋ ಮಾತನ್ನ ನಾನೇ ಎಷ್ಟು ಸಲ ಕೇಳಿದ್ದೀನಿ. ನ್ಯಾಯವಾಗಿ ಹೇಳಬೇಕಂದ್ರೆ ಹೆಸರಲ್ಲಿ ಒಂದು ಉಪಯೋಗ ಇದೆ. ಮಂಗ ಸತ್ತು ಬಿದ್ರೆ ಅದು ಎಚ್ಚರಿಕೆಯ ಗಂಟೆ. ಸತ್ತ ಮಂಗನ ಮೈಯಿಂದ ಉಣುಗುಗಳು ಇಳಿದು ಅದೇ ಜಾಗದಲ್ಲಿ ತುಂಬಿಕೊಳ್ತವೆ. ಹತ್ತಿರ ಹೋಗಬಾರದು, ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಆದ್ರೆ ಗಂಟೆ ಹೊಡೆದಿಲ್ಲ ಅಂದ ಮಾತ್ರಕ್ಕೆ ಬೆಂಕಿ ಇಲ್ಲ ಅಂತ ಅರ್ಥ ಅಲ್ಲ.

ಈಗ ನಮ್ಮ ಗೆಳತಿಯ ಕಥೆ. ಅವಳು ಬಂದಿದ್ದು ಜನವರಿಯಲ್ಲಿ. ಮನೆ ಹಿಂದಿನ ಬೆಟ್ಟಕ್ಕೆ ಹೋಗೋಣ ಅಂದೆ. ಟ್ರೆಕ್ಕಿಂಗ್ ಶೂ ಹಾಕ್ಕೊಂಡು ಬಂದಳು. ನಮ್ಮಲ್ಲಿ ಬೆಟ್ಟ ಅಂದ್ರೆ ಗುಡ್ಡವೇ ಆಗಬೇಕಂತಿಲ್ಲ, ಅಡಿಕೆ ತೋಟಕ್ಕೆ ಸೊಪ್ಪು, ದರಕು ತರೋಕೆ ಅಂತ ಬಿಟ್ಟ ಕಾಡು, ಸೊಪ್ಪಿನ ಬೆಟ್ಟ. ದರಕು ಅಂದ್ರೆ ಉದುರಿದ ಒಣ ಎಲೆ. ಅದನ್ನ ಗುಡಿಸಿ ತಂದು ಕೊಟ್ಟಿಗೆಗೆ ಹಾಸ್ತೀವಿ, ತೋಟಕ್ಕೆ ಗೊಬ್ಬರ ಮಾಡ್ತೀವಿ. ಉಣುಗು ಇರೋದೂ ಅಲ್ಲೇ. ಈ ಕಾಯಿಲೆ ಬರೋದು ಹೆಚ್ಚಾಗಿ ಯಾರಿಗೆ ಅಂತ ಈಗ ಗೊತ್ತಾಗಿರಬೇಕು: ದರಕು ಗುಡಿಸೋರಿಗೆ, ಸೌದೆ ತರೋರಿಗೆ, ದನ ಕಾಯೋರಿಗೆ.

ಊರಲ್ಲಿ ಹಂಚಿದ ಒಂದು ಕರಪತ್ರ ನಮ್ಮ ಜಗಲಿಯಲ್ಲಿತ್ತು. ಅವಳಿಗೆ ಓದೋ ಹುಚ್ಚು. ಅದರಲ್ಲಿ ‘ಉಣ್ಣೆ ಕಚ್ಚದಂತೆ ಎಚ್ಚರ ವಹಿಸಿ’ ಅಂತಿತ್ತು. ಪುಸ್ತಕದ ಕನ್ನಡದಲ್ಲಿ ಉಣುಗಿಗೆ ಉಣ್ಣೆ ಅಂತ ಬರೀತಾರೆ. ಅವಳಿಗೆ ಗೊತ್ತಿದ್ದ ಉಣ್ಣೆ ಒಂದೇ, ಕುರಿಯ ಉಣ್ಣೆ. ಮೊಬೈಲಲ್ಲಿ ಅನುವಾದ ಮಾಡಿ ನೋಡಿದ್ರೂ ಕುರಿಯ ಉಣ್ಣೆ ಅಂತಲೇ ತೋರಿಸ್ತು. ‘ಸ್ವೆಟರ್ ಚುಚ್ಚುತ್ತೆ, ಹಾಕಬೇಡಿ ಅಂತಾನಾ?’ ಅಂತ ಕೇಳಿದಳು. ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. ನಕ್ಕೆ, ಸರಿ. ಆದ್ರೆ ಅದೇನು ಅಂತ ಬಿಡಿಸಿ 

ಹೇಳಲಿಲ್ಲ. ಅದು ನನ್ನ ತಪ್ಪು.

ಬೆಟ್ಟದಿಂದ ಬಂದ ಸಂಜೆ ಅವಳ ಹರಡಿನ ಹತ್ತಿರ ಏನೋ ಕಪ್ಪು ಚುಕ್ಕೆ ಅಂಟಿತ್ತಂತೆ. ಕಿತ್ತು ಬಿಸಾಡಿದಳಂತೆ. ನನಗೆ ಹೇಳಲೂ ಇಲ್ಲ, ಹೇಳೋಕೆ ಅವಳ ಹತ್ರ ಪದ ಇರಲಿಲ್ಲ.

ಬೆಂಗಳೂರಿಗೆ ಹೋಗಿ ಆರನೇ ದಿನ ಜ್ವರ. ತಲೆನೋವು, ಮೈಕೈ ನೋವು. ಹತ್ತಿರದ ಕ್ಲಿನಿಕ್ಕಿಗೆ ಹೋದಳು. ಸಿದ್ದಾಪುರಕ್ಕೆ ಹೋಗಿದ್ದೆ ಅಂದಾಗ ಅಲ್ಲಿನವರು, ‘ಆ ಕಡೆ ಮಂಗನ ಕಾಯಿಲೆ ಇದೆಯಲ್ಲ, ಮಂಗ ಏನಾದ್ರೂ ಹತ್ತಿರ ಬಂದಿತ್ತಾ?’ ಅಂತ ಕೇಳಿದ್ರಂತೆ. ಇಲ್ಲ ಅಂದಳು. ಅದು ನಿಜವೇ, ಒಂದು ಮಂಗಾನೂ ನಾವು ನೋಡಿರಲಿಲ್ಲ. ಜ್ವರದ ಮಾತ್ರೆ ಕೊಟ್ಟು ಕಳಿಸಿದ್ರು.

ರಾತ್ರಿ ನನಗೆ ಫೋನ್ ಮಾಡಿದಳು. ನಾನು ಊರಲ್ಲೇ ಉಳಿದಿದ್ದೆ. ನಾನು ಮೊದಲು ಕೇಳಿದ್ದೇ, ‘ಉಣುಗು ಹತ್ತಿತ್ತಾ?’

‘ಹಾಗಂದ್ರೆ?’

‘ಉಣ್ಣೆ.’

‘ಸ್ವೆಟರಾ?’

ಈ ಸಲ ನನಗೆ ನಗು ಬರಲಿಲ್ಲ. ಹಿಂದಿಯಲ್ಲಿ ಅದಕ್ಕೇನಂತಾರೆ ಅಂತ ಹುಡುಕಿದೆ. ಕಿಲ್ನಿ. ‘ಕಿಲ್ನಿ ಕಚ್ಚಿತ್ತಾ?’ ಅಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ ಮೆಲ್ಲಗೆ, ‘ಹೌದು, ಕಾಲಲ್ಲಿ ಒಂದಿತ್ತು’ ಅಂದಳು.

ಆ ರಾತ್ರಿ ಇಬ್ಬರೂ ಮಲಗಲಿಲ್ಲ. ಬೆಳಗ್ಗೆ ದೊಡ್ಡ ಆಸ್ಪತ್ರೆಗೆ ಹೋಗಿ, ಮಂಗ ಅನ್ನೋ ಪದವನ್ನೇ ಎತ್ತದೆ, ಸಿದ್ದಾಪುರದ ಕಾಡಲ್ಲಿ ಕಿಲ್ನಿ ಕಚ್ಚಿದೆ, ಇಷ್ಟನೇ ದಿನಕ್ಕೆ ಜ್ವರ ಬಂದಿದೆ ಅಂತ ಹೇಳಿದಳು. ರಕ್ತ ಪರೀಕ್ಷೆಗೆ ಕಳಿಸಿದ್ರು. ಅವಳ ಅದೃಷ್ಟ, ಮಂಗನ ಕಾಯಿಲೆ ಇರಲಿಲ್ಲ. ಬೇರೆ ಯಾವುದೋ ಜ್ವರ, ನಾಲ್ಕು ದಿನದಲ್ಲಿ ಹೋಯ್ತು. ಆದ್ರೆ ವರದಿ ಬರೋವರೆಗಿನ ಆ ದಿನಗಳಲ್ಲಿ ನಾನು ಯೋಚನೆ ಮಾಡಿದ್ದು ಒಂದೇ. ಐವತ್ತು ಪ್ರಾಣಿಗಳ ಹೆಸರು ಕಲಿತವಳಿಗೆ ಐವತ್ತೊಂದನೇದನ್ನ ನಾನು ಹೇಳಿಕೊಟ್ಟಿರಲಿಲ್ಲ. ಜಿರಾಫೆ ಹೇಳಿಕೊಟ್ಟಿದ್ದೆ. ನಮ್ಮೂರಲ್ಲಿ ಯಾವತ್ತೂ ಯಾರಿಗೂ ಸಿಗದ ಜಿರಾಫೆ.

ಹೊರಗಿನವರ ಮಾತು ಬಿಡಿ. ನಮ್ಮದೇ ಊರಿನ, ಬೆಂಗಳೂರಲ್ಲಿ ಬೆಳೆದ ಮಕ್ಕಳನ್ನ ಕೇಳಿ ನೋಡಿ. ರಜೆಗೆ ಬರ್ತಾರೆ, ಬೆಟ್ಟಕ್ಕೆ ಹೋಗ್ತಾರೆ, ಉಣುಗು ಅಂದ್ರೆ ಮುಖ ಮುಖ ನೋಡ್ತಾರೆ. ಅವರಿಗೂ ಮಂಗನ ಕಾಯಿಲೆ ಅಂದ್ರೆ ಮಂಗ.

ಆಗಲೇ ಒಂದು ಮಾತು ನೆನಪಿಟ್ಟುಕೊಳ್ಳಿ ಅಂದಿದ್ದೆ, ಗೂಬೆ ಕೂರಿಸೋದು. 1957ರಿಂದ ಇಲ್ಲಿವರೆಗೆ ಉಣುಗಿನ ತಪ್ಪಿಗೆ ಮಂಗನ ತಲೆ ಮೇಲೆ ಗೂಬೆ ಕೂರಿಸಿದ್ದೀವಿ. ಈಗ ಹೆಸರು ಬದಲಾಯಿಸೋದು ಕಷ್ಟ, ಬಾಯಿಗೆ ಹತ್ತಿಹೋಗಿದೆ. ಬೇಡ, ಹೆಸರು ಇರಲಿ. ಮಂಗನ ಕಾಯಿಲೆ ಅಂದ ತಕ್ಷಣ ಪಕ್ಕದಲ್ಲೇ ‘ಉಣುಗು ಕಚ್ಚಿ ಬರೋದು’ ಅಂತ ಮೂರು ಪದ ಸೇರಿಸಿ ಹೇಳೋಣ. ಅಷ್ಟು ಸಾಕು.

ಇನ್ನು ಕೆಲಸದ ಮಾತು. ಮೊದಲು ಕೊಡ್ತಿದ್ದ ಲಸಿಕೆಯನ್ನ 2022ರಲ್ಲಿ ನಿಲ್ಲಿಸಿದ್ದಾರೆ, ಹೊಸ ಲಸಿಕೆಯ ಕೆಲಸ ನಡೀತಿದೆ. ಸದ್ಯಕ್ಕೆ ನಮ್ಮ ಕೈಯಲ್ಲಿರೋದು ಉಣುಗು ಹತ್ತದ ಹಾಗೆ ನೋಡ್ಕೊಳ್ಳೋದು. ಬೆಟ್ಟಕ್ಕೆ ಹೋಗೋವಾಗ ಮೈ ಮುಚ್ಚೋ ಬಟ್ಟೆ, ಪ್ಯಾಂಟಿನ ಅಂಚು ಸಾಕ್ಸ್ ಒಳಗೆ. ಆರೋಗ್ಯ ಇಲಾಖೆಯವರು ಕೊಡೋ ಡೆಪಾ ಎಣ್ಣೆ ಕೈಕಾಲಿಗೆ. ಬಂದ ತಕ್ಷಣ ಬಿಸಿನೀರು, ಸೋಪು, ಬಟ್ಟೆ ಬೇರೆ ಹಾಕಿ, ಮೈಯೆಲ್ಲ ಹುಡುಕಿ. ಹತ್ತು ದಿನದೊಳಗೆ ಜ್ವರ ಬಂದ್ರೆ ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಪದ ಉಣುಗು. ಡಾಕ್ಟರಿಗೆ ಅದು ಗೊತ್ತಿಲ್ಲ ಅಂದ್ರೆ ಉಣ್ಣೆ, ಅದೂ ಅರ್ಥ ಆಗದಿದ್ರೆ ಇಂಗ್ಲಿಷಿನ ಟಿಕ್, ಹಿಂದಿಯ ಕಿಲ್ನಿ. ನಾಲ್ಕರಲ್ಲಿ ಒಂದು ತಾಗೇ ತಾಗ್ತದೆ.

ಕೊನೆಯದಾಗಿ ಒಂದು ಸಣ್ಣ ಕೆಲಸ ಕೊಡ್ತೀನಿ. ಈ ವಾರ ನಿಮ್ಮನೆಯ ಅಜ್ಜಿಗೋ ಅಮ್ಮಮ್ಮನಿಗೋ ಫೋನ್ ಮಾಡಿ, ನಿಮ್ಮೂರಲ್ಲಿ ಹಾವಿಗೆ ರಾತ್ರಿ ಏನಂತಾರೆ, ಉಣುಗಿಗೆ ಏನಂತಾರೆ ಅಂತ ಕೇಳಿ. ಕೇಳಿದ್ದನ್ನ ಮೊಬೈಲಲ್ಲಿ ಬರೆದಿಟ್ಕೊಳ್ಳಿ, ನನಗೂ ಕಳಿಸಿ. ಮುಂದಿನ ಕಂತಲ್ಲಿ ಓದ್ತೀನಿ. ಮತ್ತೆ ಯಾರಾದ್ರೂ ನಿಮ್ಮ ಹತ್ರ ಕನ್ನಡ ಕಲೀತಿದ್ರೆ, ಜಿರಾಫೆ ಆಮೇಲೆ ಹೇಳಿಕೊಡಿ.

ಅಂದ ಹಾಗೆ, ಗೆಳತಿ ಈಗ ಳ ಹೇಳೋಕೆ ಕಲಿತಿದ್ದಾಳೆ. ಮೊನ್ನೆ ಫೋನ್ ಮಾಡಿ, ‘ಡಿಸೆಂಬರ್‌ಗೆ ಮುಂಚೆ ನಿನ್ನ ಹಳ್ಳಿಗೆ ಬರ್ತೀನಿ’ ಅಂದಳು. ಅಮ್ಮಮ್ಮನಿಗೆ ಹೇಳಿದೆ. ‘ಅದು ಬರ್ತಡ? ಬರ್ಲಿ, ಹುಳಿ ಮಾಡನ’ ಅಂದ್ರು.

ಸರಿ, ಮತ್ತೆ ಸಿಗೋಣ. ನಮಸ್ಕಾರ.